ಅಲೆ ಡಿಸೈನ್ ಕೇಕೂ ಅಮ್ಮನ ಕಿಡ್ನಿಯೂ

ಭಾನುವಾರ, ಮಾರ್ಚ್ ೧೧

ಪ್ರೀತಿಯ ಅಕ್ಕ,

ಮೊದಲೇ ಹೇಳಿಬಿಡುತ್ತೇನೆ, ಇಲ್ಲದಿದ್ದರೆ ನೀನು ಅರ್ಧ ಓದುವಷ್ಟರಲ್ಲಿ ಎದೆ ಹಿಡಿದುಕೊಂಡು ಕೂರುತ್ತೀಯ. ನಾನು ಚೆನ್ನಾಗಿದ್ದೇನೆ. ಅಮ್ಮ ನನಗೆ ಕೊಟ್ಟ ಕಿಡ್ನಿಯೂ ಚೆನ್ನಾಗಿದೆ. ನಿನ್ನೆ ರಕ್ತದ ವರದಿ ಬಂತು. ಇನ್ನು ನಿಧಾನವಾಗಿ ಓದು.

ಹೋದ ತಿಂಗಳು ಫೋನಿನಲ್ಲಿ ಸರಿಯಾಗಿ ಮಾತಾಡಲಿಲ್ಲ ಎಂದು ಬೇಜಾರು ಮಾಡಿಕೊಂಡೆಯಲ್ಲ, ಆಗ ನನ್ನ ಕೈ ನಡುಗುತ್ತಿತ್ತು. ಅಮ್ಮ ಹೋದ ಮೇಲೆ ಏನೇ ಆದರೂ ಅದನ್ನು ದುಃಖದ ಲೆಕ್ಕಕ್ಕೆ ಹಾಕುವುದು ನನಗೆ ಅಭ್ಯಾಸವಾಗಿದೆ. ನಿದ್ದೆ ಬರದಿದ್ದರೂ ದುಃಖ, ಹಾಲು ಉಕ್ಕಿದರೂ ದುಃಖ. ನಡುಕವೂ ಅದೇ ಇರಬೇಕೆಂದು ಸುಮ್ಮನಿದ್ದೆ.

ಆದರೆ ನನ್ನ ಕೆಲಸ ನಿನಗೆ ಗೊತ್ತಲ್ಲ. ಕೇಕಿನ ಮೇಲೆ ಕ್ರೀಮಿನಲ್ಲಿ ಗೆರೆ ಎಳೆಯಬೇಕು. ಒಂದು ಮದುವೆ ಕೇಕಿನ ಅಂಚಿಗೆ ನೇರ ಗೆರೆ ಎಳೆಯಲು ಹೋದೆ, ಅದು ಹಾವಿನ ಹಾಗೆ ಹರಿದುಹೋಯಿತು. ಕೆರೆದು ತೆಗೆದು ಮತ್ತೆ ಎಳೆದೆ, ಮತ್ತೆ ಅದೇ. ಅಳು ಬಂತು. ಅಷ್ಟರಲ್ಲಿ ಹುಡುಗಿ ಕಡೆಯವರು ಬಂದು ನೋಡಿ, "ಅಯ್ಯೋ, ಎಷ್ಟ್ ಚೆನ್ನಾಗಿದೆ! ಸಮುದ್ರದ ಅಲೆ ಥರಾನೇ!" ಅಂದುಬಿಟ್ಟರು. ನಮ್ಮ ಬೇಕರಿ ಯಜಮಾನರು ಬಿಡುತ್ತಾರೆಯೇ? ಮರುದಿನವೇ ಬಾಗಿಲ ಗಾಜಿಗೆ "ಅಲೆ ಡಿಸೈನ್, ನಮ್ಮಲ್ಲಿ ಮಾತ್ರ" ಎಂದು ಚೀಟಿ ಅಂಟಿಸಿದರು. ಆಮೇಲೆ ಅಲೆ ಕೇಕುಗಳೇ. ಜನ ಹೊಗಳುತ್ತಿದ್ದರು, ನಾನು ಒಳಗೊಳಗೇ ಹೆದರುತ್ತಿದ್ದೆ.

ರಕ್ತ ಪರೀಕ್ಷೆಯ ದಿನ ಬಂತು. ಕಿಡ್ನಿ ಉಳಿಸಲು ದಿನಾ ನುಂಗುವ ಮಾತ್ರೆ ಇದೆಯಲ್ಲ, ಬೆಳಿಗ್ಗೆ ಅದನ್ನು ನುಂಗುವ ಮೊದಲೇ ರಕ್ತ ಕೊಡಬೇಕು, ಹಾಗೇ ಕೊಟ್ಟೆ. ಸಂಜೆ ಆಸ್ಪತ್ರೆಯ ನರ್ಸ್ ಫೋನು ಮಾಡಿದರು. ಮಾತ್ರೆಯ ಮಟ್ಟ ರಕ್ತದಲ್ಲಿ ತೀರಾ ಏರಿದೆ, ಕಿಡ್ನಿಗೂ ಪೆಟ್ಟು ಬೀಳುತ್ತಿರುವ ಹಾಗಿದೆ, ಬೆಳಿಗ್ಗೆಯೇ ಬನ್ನಿ ಅಂದರು. ಅಕ್ಕ, ಅಮ್ಮನನ್ನು ಒಂದು ಸಲ ಮಣ್ಣು ಮಾಡಿ ಬಂದಿದ್ದೇವೆ. ಅವಳದೆಂದು ಇನ್ನೂ ದುಡಿಯುತ್ತಿರುವುದು ಇದೊಂದೇ.

ಇವರಿಗೆ ಬಸ್ಸಿನ ಪಾಳಿ ಇದ್ದದ್ದರಿಂದ ಬೇಕರಿ ಯಜಮಾನರೇ ಜೊತೆಗೆ ಬಂದರು. ಡಾಕ್ಟರಮ್ಮ ಒಂದೊಂದಾಗಿ ಕೇಳಿದರು. ಮಾತ್ರೆ ಹೆಚ್ಚು ನುಂಗಿದಿರಾ? ಇಲ್ಲ. ಬೇರೆ ಔಷಧಿ, ಕಷಾಯ, ಪುಡಿ? ಇಲ್ಲ. ಹಣ್ಣು ಹಂಪಲು? ಪಕ್ಕದಲ್ಲಿದ್ದ ಯಜಮಾನರು ಎದೆಯುಬ್ಬಿಸಿ, "ಹಣ್ಣಿಗೇನೂ ಕೊರತೆ ಇಲ್ಲ ಡಾಕ್ಟ್ರೇ! ತಾಯಿ ಇಲ್ಲದ ಹುಡುಗಿ ಅಂತ ದಿನಾ ಬೆಳಿಗ್ಗೆ ನಾನೇ ಚಕ್ಕೋತದ ರಸ ಹಿಂಡಿ ಕೊಡ್ತೀನಿ. ದೊಡ್ಡ ಲೋಟ!" ಅಂದರು.

ಡಾಕ್ಟರಮ್ಮ ಪೆನ್ನು ಕೆಳಗಿಟ್ಟರು.

ಚಕ್ಕೋತ ಈ ಮಾತ್ರೆಯನ್ನು ಮೈಯಿಂದ ಬೇಗ ಇಳಿಯಲು ಬಿಡುವುದಿಲ್ಲವಂತೆ. ನುಂಗುವುದು ಅಷ್ಟೇ ಆದರೂ ರಕ್ತದಲ್ಲಿ ಸೇರುತ್ತಾ ಹೋಗಿ ಕೈ ನಡುಗಿಸುತ್ತದೆ, ಕಿಡ್ನಿಯನ್ನೂ ಹಿಂಡುತ್ತದೆ. ಔಷಧಿಗೆ ಕೇಳಬೇಕೆಂದು ಗೊತ್ತಿತ್ತು, ಪ್ರೀತಿಯಿಂದ ಕೊಟ್ಟ ಹಣ್ಣಿನ ರಸಕ್ಕೂ ಕೇಳಬೇಕೆಂದು ನಮ್ಮಿಬ್ಬರಿಗೂ ಹೊಳೆದಿರಲಿಲ್ಲ.

ಹಾಗಾದರೆ ಮಾತ್ರೆ ನಿಲ್ಲಿಸಲೇ ಎಂದು ಕೇಳಿದೆ. ಡಾಕ್ಟರಮ್ಮ ಗದರಿಯೇಬಿಟ್ಟರು. "ನೀವಾಗೇ ಒಂದೂ ಬಿಡಬೇಡಿ, ಒಂದೂ ಸೇರಿಸಬೇಡಿ. ಮಾತ್ರೆ ನಿಂತ್ರೆ ನಿಮ್ಮ ಮೈ ಆ ಕಿಡ್ನಿನ ಹೊರಗಿನೋರು ಅಂತ ಜಗಳಕ್ಕೆ ನಿಲ್ಲುತ್ತೆ. ಎಷ್ಟು ತಗೋಬೇಕು ಅಂತ ನಾನು ಹೇಳ್ತೀನಿ." ಚಕ್ಕೋತ ಬಿಟ್ಟೆ, ಅವರು ಹೇಳಿದಷ್ಟೇ ಮಾತ್ರೆ ನುಂಗಿದೆ, ಹೇಳಿದ ದಿನಗಳಲ್ಲಿ ರಕ್ತ ಕೊಟ್ಟೆ. ಯಜಮಾನರ ಮುಖ ನೋಡಲಾಗುತ್ತಿರಲಿಲ್ಲ. ಈಗ ನನಗೆ ನೀರು ಕೊಡುವ ಮುಂಚೆಯೂ "ಡಾಕ್ಟ್ರನ್ನ ಕೇಳಿದ್ಯೇನಮ್ಮಾ?" ಅನ್ನುತ್ತಾರೆ.

ನಡುಕ ನಿಂತಿದೆ. ನಿನ್ನೆ ವರದಿ ನೋಡಿ ಡಾಕ್ಟರಮ್ಮ, "ನಿಮ್ಮಮ್ಮ ಗಟ್ಟಿಗಿತ್ತಿ ಕಣ್ರೀ, ಏನೂ ಆಗದವರ ಹಾಗೆ ಕೆಲಸಕ್ಕೆ ಕೂತಿದ್ದಾರೆ" ಅಂದರು. ಖುಷಿಯಲ್ಲಿ ಬೇಕರಿಗೆ ಬಂದರೆ ಅಲ್ಲಿ ಬೇರೆ ಪಂಚಾಯಿತಿ. ಅಲೆ ಕೇಕಿಗೆ ಗಿರಾಕಿ ಬಂದು ನಿಂತಿದ್ದಾರೆ, ನಾನು ಎಳೆದ ಗೆರೆಯೆಲ್ಲ ಅಡಿಕೋಲು ಇಟ್ಟ ಹಾಗೆ ನೆಟ್ಟಗೆ! ಯಜಮಾನರು ಪಕ್ಕಕ್ಕೆ ಬಂದು ಪಿಸುಗುಟ್ಟಿದರು, "ಸ್ವಲ್ಪ ನಡುಗಮ್ಮಾ, ಮರ್ಯಾದೆ ಪ್ರಶ್ನೆ."

ನಕ್ಕೆ ಅಕ್ಕ. ಅಮ್ಮ ಹೋದ ಮೇಲೆ ನನ್ನ ನಗು ನನ್ನ ಕಿವಿಗೇ ಬಿದ್ದದ್ದು ನಿನ್ನೆಯೇ. ಯಾರೋ ಪಕ್ಕದವರು ನಕ್ಕರೇನೋ ಎಂದು ತಿರುಗಿ ನೋಡಿದೆ.

ಬಾವನಿಗೆ ನಮಸ್ಕಾರ ಹೇಳು.

ನಿನ್ನ ತಂಗಿ,
ಗುಬ್ಬಿ

ತಾ.ಕ.: ಇದನ್ನು ಸದ್ಯಕ್ಕೆ ನಿನ್ನೊಳಗೇ ಇಟ್ಟುಕೊ. ನಿನ್ನೆ ನಾನೂ ಇವರೂ ಡಾಕ್ಟರಮ್ಮನ ಹತ್ತಿರ ಮಗುವಿನ ವಿಷಯ ಕೇಳಿದೆವು. ಆಗಬಹುದಂತೆ. ನನ್ನ ಮಾತ್ರೆಗಳಲ್ಲಿ ಒಂದು ಹೊಟ್ಟೆಯಲ್ಲಿರುವ ಮಗುವಿಗೆ ಒಳ್ಳೆಯದಲ್ಲ. ಮೊದಲು ಅದನ್ನು ಅವರೇ ಬದಲಿಸಿ, ಕೆಲವು ತಿಂಗಳು ರಕ್ತ ನೋಡಿ, ಆಮೇಲೆ ಹೂಂ ಅನ್ನುತ್ತಾರಂತೆ. ಕಾಯುತ್ತೇವೆ. ಬಾಣಂತನಕ್ಕೆ ನೀನು ಬರಬೇಕು. ಬಸಿರು ನೋಡಿಕೊಳ್ಳಲು ಅಮ್ಮ ಆಗಲೇ ಒಳಗೆ ಕೂತಿದ್ದಾಳೆ.