ಡೇಸಿ ಗಿಡಕ್ಕೊಂದು ಚಾರ್ಟು

ಭಾನುವಾರ, ಮಾರ್ಚ್ ೨೩

ನನ್ನ ಗುಬ್ಬಿಗೆ,

ನಿನ್ನ ಅತ್ತೆಯ ಪ್ರೀತಿಯ ಆಶೀರ್ವಾದಗಳು. ಇನ್ನೂ ಹಾಗೆ ಬರೆಯಬಹುದಲ್ಲ? ನಾನಂತೂ ಬರೆದೇಬಿಟ್ಟೆ. ನಾನು ಕ್ಷೇಮ. ಎಡ ಮಂಡಿಯೊಂದು ಮಾತ್ರ ತನಗೆ ಮನಸ್ಸು ಬಂದಾಗ ಮಡಚಿಕೊಳ್ಳುತ್ತದೆ, ಇಲ್ಲದಿದ್ದರೆ ಇಲ್ಲ. ನೀನು ಅಕ್ಕನ ಮನೆಯಲ್ಲಿ ಹೊತ್ತಿಗೆ ಸರಿಯಾಗಿ ಊಟ ಮಾಡುತ್ತಿದ್ದೀಯೆ ಎಂದುಕೊಂಡಿದ್ದೇನೆ.

ನಿನ್ನ ಕಾಗದ ಬಂದು ಹತ್ತೊಂಬತ್ತು ದಿನವಾಯಿತು. "ನನ್ನ ಡೇಸಿ ಕುಂಡವನ್ನು ಪಾರ್ಸೆಲ್ ಗಾಡಿಯಲ್ಲಿ ಕಳಿಸಿ, ಅಷ್ಟು ಸಾಕು." ಒಂದೇ ಸಾಲು. ಅದಕ್ಕೆ ಉತ್ತರ ಬರೆಯಲು ಇಷ್ಟು ದಿನ ಬೇಕೇ ಎಂದು ನೀನು ಕೇಳಿದರೆ ತಪ್ಪಿಲ್ಲ. ಫೆಬ್ರವರಿಯಲ್ಲಿ ಕೋರ್ಟಿನಲ್ಲಿ ನೀನು ನನ್ನ ಕಡೆ ನೋಡಿದೆ, ನಾನು ನನ್ನ ಕೈಚೀಲದ ಜಿಪ್ಪು ನೋಡಿದೆ. ಅಂಥವಳು ಯಾವ ಮುಖ ಇಟ್ಟುಕೊಂಡು ಬರೆಯಲಿ? ಏಪ್ರಿಲ್ ನಾಲ್ಕಕ್ಕೆ ನಿಮ್ಮ ವಿಚ್ಛೇದನದ ವಿಚಾರಣೆ ಮತ್ತೆ ಇದೆ. ಅದಾದ ಮೇಲೆ ನೀನು ನನಗೆ ಉಳಿಯುತ್ತೀಯೋ ಇಲ್ಲವೋ ಎಂಬ ಯೋಚನೆಯಲ್ಲೇ ಪೆನ್ನಿನ ಮುಚ್ಚಳ ತೆಗೆಯುವುದು, ಹಾಕುವುದು ನಡೆದಿದೆ. ಮೊದಲು ಗಿಡದ ವಿಷಯ ಹೇಳಿಬಿಡುತ್ತೇನೆ, ಅದು ಸುಲಭ.

ಸುಲಭ ಎಂದೆ, ಅದೂ ಅಲ್ಲ. ನಿನ್ನ ಗಿಡವನ್ನು ನಾನು ಕೈಯಾರೆ ಸಾಯಿಸುವುದರಲ್ಲಿದ್ದೆ.

ನವೆಂಬರಿನಲ್ಲಿ ನೀನು ಒಂದೇ ಒಂದು ಬ್ಯಾಗು ಹಿಡಿದು ಹೊರಟಾಗ ಅದು ನಿಮ್ಮ ಕೋಣೆಯ ಕಿಟಕಿಯ ಅಂಚಿನಲ್ಲಿ ಕೂತಿತ್ತು. ಗಾಜು ಮುಟ್ಟಿದರೆ ಬೆರಳು ಜುಮ್ಮೆನ್ನುವಷ್ಟು ತಣ್ಣಗೆ. ಅಯ್ಯೋ ಪಾಪ ಎಂದು ಅಡುಗೆಮನೆಗೆ ತಂದು ಒಲೆಯ ಪಕ್ಕದ ಕಪಾಟಿನ ಮೇಲಿಟ್ಟೆ. ಮೂವತ್ತೊಂದು ವರ್ಷದಿಂದ ವಾರ್ಡಿನಲ್ಲಿ ನರ್ಸ್ ಆಗಿರುವವಳಿಗೆ ಗೊತ್ತಿರುವುದು ಇಷ್ಟೇ: ಬೆಚ್ಚಗಿಡು, ಗಾಳಿ ತಾಗಿಸಬೇಡ, ಹೊತ್ತು ಹೊತ್ತಿಗೆ ಕೊಡು, ಕೊಟ್ಟದ್ದನ್ನು ಬರೆದಿಡು. ಬೆಳಗ್ಗೆ ಆರಕ್ಕೆ ನೂರು ಎಂ.ಎಲ್. ನೀರು, ಸಂಜೆ ಆರಕ್ಕೆ ನೂರು, ಅದೂ ದೊಡ್ಡ ಸಿರಿಂಜಿನಲ್ಲಿ ಅಳೆದು. ನಗಬೇಡ, ಚಾರ್ಟು ಕೂಡ ಬರೆದು ಕುಂಡಕ್ಕೆ ಕ್ಲಿಪ್ ಹಾಕಿದ್ದೆ. "ಎಲೆ ಮೂರು ಹಳದಿ. ರೋಗಿ ಸುಸ್ತು." ಡ್ಯೂಟಿಗೆ ಹೋಗುವಾಗ ಹಳೆಯ ಟವೆಲ್ಲು ಹೊದಿಸಿ ಹೋಗುತ್ತಿದ್ದೆ. ಎಲೆ ಹಳದಿಯಾದಷ್ಟೂ ನೀರು ಹೆಚ್ಚಿಸಿದೆ. ಕಾಂಡಗಳು ಉದ್ದುದ್ದ ಬೆಳೆದು ಸೋತು ವಾಲಿದವು. ಹೂಗಳು ಕಂದಿ ತಲೆ ತಗ್ಗಿಸಿದವು. ನೀನು ಇದ್ದಾಗ ಅರಳಿದ ಹೂಗಳು ಎಂದು ಅವನ್ನು ಕೀಳಲೂ ಇಲ್ಲ.

ನಿನ್ನ ಗಂಡ, ಕೋರ್ಟಿನ ಕಾಗದದ ಪ್ರಕಾರ ಇನ್ನೂ ಹಾಗೇ ಅಲ್ಲವೇ, ಒಂದು ಬೆಳಗ್ಗೆ ಶೂ ಲೇಸು ಕಟ್ಟುತ್ತಾ, "ಸತ್ತೋಗಿದೆ ಅದು, ಆಚೆ ಎಸೆದುಬಿಡಮ್ಮಾ, ವಾಸನೆ ಬರ್ತಿದೆ" ಎಂದ. ವಾಸನೆ ಬರುತ್ತಿದ್ದದ್ದು ನಿಜ. ಆದರೆ ಅವನು ಹೇಳಿದ ಧಾಟಿಗೆ ನನಗೆ ರೇಗಿತು. ಕುಂಡವನ್ನು ಸೊಂಟದ ಮೇಲಿಟ್ಟುಕೊಂಡು ಬೀದಿಯ ಕೊನೆಯ ಗಿಡದಂಗಡಿಗೆ ನಡೆದೆ.

ಅಂಗಡಿಯವನನ್ನು ನೀನು ಬಲ್ಲೆ, ದಪ್ಪ ಕನ್ನಡಕದವನು, ಗಿರಾಕಿಗಳಿಗಿಂತ ಗಿಡಗಳ ಹತ್ತಿರವೇ ಹೆಚ್ಚು ಮಾತಾಡುವವನು. ಟವೆಲ್ಲು ನೋಡಿದ, ಚಾರ್ಟು ಓದಿದ, ಕನ್ನಡಕ ಒರೆಸಿಕೊಂಡು ಇನ್ನೊಮ್ಮೆ ಓದಿದ.

"ಏನ್ ಸಿಸ್ಟರಮ್ಮಾ, ಇದನ್ನ ಅಡ್ಮಿಟ್ ಮಾಡ್ಕೊಂಡಿದ್ರಾ?"

"ಪಾಪ, ಚಳಿ ಆಗ್ತಿತ್ತಪ್ಪಾ ಅದಕ್ಕೆ."

"ಇದಕ್ಕೆ ಬೇಕಾಗಿರೋದೇ ತಣ್ಣಗಿರೋ ಜಾಗ, ಒಳ್ಳೇ ಬೆಳಕು! ನೀವು ಒಲೆ ಪಕ್ಕ ಕೂರಿಸಿ ಬೇಯಿಸಿದೀರ. ಸಾಲದ್ದಕ್ಕೆ ನೀರು ಕುಡಿಸಿ ಕುಡಿಸಿ ಬೇರು ಕೊಳೆಸಿದೀರ."

ಗಿಡವನ್ನು ಮಣ್ಣಿನ ಸಮೇತ ಎತ್ತಿ ತೋರಿಸಿದ. ಅರ್ಧ ಬೇರು ಕಂದು ಬಣ್ಣಕ್ಕೆ ತಿರುಗಿ ಮೆತ್ತಗಾಗಿತ್ತು. ಅದನ್ನು ಕತ್ತರಿಸಿ ತೆಗೆದ, ಕುಂಡದ ತಳದಲ್ಲಿ ಮುಚ್ಚಿಹೋಗಿದ್ದ ತೂತನ್ನು ಮೊಳೆಯಿಂದ ಬಿಡಿಸಿದ, ಹೊಸ ಮಣ್ಣು ತುಂಬಿದ. ಆಮೇಲೆ ಕತ್ತರಿಯನ್ನು ನನ್ನ ಕೈಗಿಟ್ಟು, ಬಾಡಿದ ಹೂವನ್ನೆಲ್ಲ ನೀವೇ ತೆಗೆಯಿರಿ ಎಂದ. ನನಗೆ ಕೈ ಬರಲಿಲ್ಲ.

"ದಿನಾ ಸೂಜಿ ಚುಚ್ಚೋರು ನೀವು, ಇದಕ್ಕೆ ಹಿಂಗೆ ಅಳ್ತೀರಲ್ಲಾ! ಬಾಡಿದ ಹೂವು ಹಾಗೇ ಬಿಟ್ರೆ ಗಿಡದ ಶಕ್ತಿಯೆಲ್ಲ ಅದಕ್ಕೇ ಹೋಗುತ್ತೆ. ತೆಗೀರಮ್ಮಾ."

ತೆಗೆದೆ. ಹನ್ನೊಂದು ಹೂ. ಗಿರಾಕಿಗಳು ಬಂದು ಹೋಗುತ್ತಿದ್ದರು, ನಾನು ಮೂಗು ಒರೆಸಿಕೊಳ್ಳುತ್ತಾ ಒಂದೊಂದೇ ಕತ್ತರಿಸಿದೆ.

ಈಗ ಅದು ನಿನ್ನ ಕಿಟಕಿಗೇ ವಾಪಸು ಹೋಗಿದೆ. ಬೆರಳನ್ನು ಒಂದು ಗೆಣ್ಣಿನಷ್ಟು ಮಣ್ಣಿಗೆ ಇಳಿಸಿ ನೋಡುತ್ತೇನೆ, ಒಣಗಿದ್ದರೆ ಮಾತ್ರ ನೀರು. ಕೆಳಗಿನ ತಟ್ಟೆಯಲ್ಲಿ ನಿಂತದ್ದನ್ನು ಚೆಲ್ಲುತ್ತೇನೆ. ಒಂದೇ ಕಡೆ ವಾಲದ ಹಾಗೆ ವಾರಕ್ಕೊಮ್ಮೆ ಕುಂಡ ತಿರುಗಿಸುತ್ತೇನೆ. ಅತಿಯಾದರೆ ಅಮೃತವೂ ವಿಷ ಎಂದು ವಾರ್ಡಿನಲ್ಲಿ ಎಷ್ಟು ಜನಕ್ಕೆ ಉಪದೇಶ ಮಾಡಿದ್ದೇನೋ ಏನೋ! ಹೊಸ ಎಲೆಗಳು ಬಂದಿವೆ, ನಿನ್ನೆಗೆ ಮೂರು ಮೊಗ್ಗು. ಗಿಡ ತಂದು ಬೆಳೆಸಿದವಳಿಗೇ ಇದನ್ನೆಲ್ಲ ಹೇಳಿಕೊಡುತ್ತಿದ್ದೇನೆ ನೋಡು.

ಚೇತರಿಸಿಕೊಂಡ ಮೇಲೂ ಕಳಿಸಲಿಲ್ಲವಲ್ಲ, ಅದು ಸ್ವಾರ್ಥ. ಇದೂ ಹೋದರೆ ನಿನ್ನದೆಂದು ಈ ಮನೆಯಲ್ಲಿ ಏನೂ ಇರುವುದಿಲ್ಲ. ಪಕ್ಕದ ಮನೆಯ ಟೈಲರಮ್ಮ ಮೊನ್ನೆ, "ಕೇಸು ಮುಗಿದ್ಮೇಲೆ ಅವಳ್ಯಾರೋ ನೀವ್ಯಾರೋ ಅಕ್ಕಾ, ಸುಮ್ನೆ ಯಾಕೆ ಹಚ್ಕೋತೀರ?" ಎಂದಳು. "ಎಂಟು ವರ್ಷ ನನ್ನ ಜೊತೆ ಒಂದೇ ಕೆಟಲಿನ ಟೀ ಕುಡಿದವಳು ಕಣೇ" ಎಂದೆ. ಅವಳು ಹಲ್ಲಿನಲ್ಲಿ ದಾರ ಕಡಿದಳು. ಡ್ಯೂಟಿ ಮುಗಿಸಿ ಬಂದರೆ ನನ್ನ ಕಾಲಿಗೆ ಬಿಸಿನೀರು ಕಾಯಿಸಿ ಇಡುತ್ತಿದ್ದವಳು ನೀನು. ನಾನು ಹೆತ್ತವನು ಒಂದು ದಿನವೂ "ಊಟ ಆಯ್ತೇನಮ್ಮಾ" ಎಂದು ಕೇಳಿದವನಲ್ಲ. ನೀನಿಲ್ಲದೆ ನನಗೆ ತುಂಬ ಕಷ್ಟವಾಗಿದೆ, ಗುಬ್ಬಿ.

ಪಾರ್ಸೆಲ್ ಗಾಡಿಯವರು ಎಸೆದಾಡುತ್ತಾರೆ, ಅವರ ಕೈಗೆ ಕೊಡಲಾರೆ. ಬರುವ ಭಾನುವಾರ ಬಸ್ಸಿನಲ್ಲಿ ತೊಡೆಯ ಮೇಲಿಟ್ಟುಕೊಂಡು ನಾನೇ ತರುತ್ತೇನೆ. ನನ್ನನ್ನು ನೋಡಲು ಮನಸ್ಸಿಲ್ಲದಿದ್ದರೆ ಬಾಗಿಲು ತೆಗೆಯಬೇಡ. ಹೊಸ್ತಿಲ ಹತ್ತಿರ ಇಟ್ಟು ಹೊರಡುತ್ತೇನೆ, ಬೇಜಾರು ಮಾಡಿಕೊಳ್ಳುವುದಿಲ್ಲ. ಮಾಡಿಕೊಳ್ಳುತ್ತೇನೆ, ಆದರೆ ಹೇಳುವುದಿಲ್ಲ.

ಎಲ್ಲಿದ್ದರೂ ನಿನಗೆ ಒಳ್ಳೆಯದಾಗಲಿ ಮಗಳೇ. ಹೊಟ್ಟೆ ತುಂಬ ಊಟ, ಕಣ್ತುಂಬ ನಿದ್ದೆ, ನಿನ್ನನ್ನು ನೀನಾಗಿಯೇ ಕಾಣುವ ಜನ, ಇಷ್ಟು ಸಿಗಲಿ.

ನಿನ್ನ
ಅತ್ತೆ

ವಿ.ಸೂ.: ಕಾಗದವನ್ನು ಲಕೋಟೆಗೆ ಹಾಕಿ ಮತ್ತೆ ತೆಗೆದಿದ್ದೇನೆ. ಹೇಳಬೇಕಾದದ್ದು ಇನ್ನೂ ಹೊಟ್ಟೆಯಲ್ಲೇ ಇದೆ.

"ಮಗ ಸೊಸೆ ಮೇಲೆ ಕೈ ಮಾಡಿದ್ದನ್ನು ನೋಡಿದ್ದೀರಾ?" ಎಂದು ಕೋರ್ಟಿನಲ್ಲಿ ಕೇಳಿದಾಗ, "ಆ ದಿನ ನಾನು ಡ್ಯೂಟಿಯಲ್ಲಿದ್ದೆ" ಎಂದೆನಲ್ಲ, ಅದು ಸುಳ್ಳೆಂದು ನನಗೆ ಗೊತ್ತು, ನಿನಗೆ ಗೊತ್ತು, ಅವನಿಗೆ ಗೊತ್ತು. ನನಗೆ ರಜೆಯಿತ್ತು. ನಡುಮನೆಯಲ್ಲಿ ಬಟ್ಟೆ ಮಡಚುತ್ತಿದ್ದೆ, ನಿಮ್ಮ ಕೋಣೆಯ ಬಾಗಿಲು ತೆರೆದೇ ಇತ್ತು. ಹೆತ್ತವರಿಗೆ ಹೆಗ್ಗಣ ಮುದ್ದು ಎನ್ನುತ್ತಾರೆ. ಹೆಗ್ಗಣವೆಂದು ಗೊತ್ತಿದ್ದೂ ಮುದ್ದು ಮಾಡಿದವಳು ನಾನು.

ಮೊನ್ನೆ ಶುಕ್ರವಾರ ನಿನ್ನ ವಕೀಲರ ಹತ್ತಿರ ಹೋಗಿ ಕಣ್ಣಾರೆ ಕಂಡದ್ದನ್ನೆಲ್ಲ ಬರೆದು ಸಹಿ ಹಾಕಿದೆ. ಮೊದಲು ಹೇಳಿದ್ದು ಸುಳ್ಳೆಂದೂ ಬರೆದೆ. ಮಗನಿಗೂ ತಿಳಿಸಿದೆ. ಅಂದಿನಿಂದ ಅವನು ಮಾತು ಬಿಟ್ಟಿದ್ದಾನೆ. ಬಿಡಲಿ. ನಾಲ್ಕರಂದು ಜಡ್ಜರ ಎದುರು ನಿಂತು ಹೇಳುತ್ತೇನೆ. ನೀನು ಕ್ಷಮಿಸಬೇಕೆಂದು ಇದನ್ನು ಬರೆಯುತ್ತಿಲ್ಲ.

ಅವತ್ತು ನಿನ್ನ ಮಣಿಕಟ್ಟಿಗೆ ಬ್ಯಾಂಡೇಜು ಸುತ್ತಿದವಳೂ ನಾನೇ. ಸುತ್ತುತ್ತಾ, "ಯಾರಾದ್ರೂ ಕೇಳಿದ್ರೆ ಬಾತ್‌ರೂಮಿನಲ್ಲಿ ಜಾರಿ ಬಿದ್ದೆ ಅಂದ್ಬಿಡಮ್ಮ" ಎಂದೆ. ನೀನು ನನ್ನ ಮುಖ ನೋಡಿ, "ಆಯ್ತು ಅತ್ತೆ" ಎಂದೆ. ಆಮೇಲೆ, ನಾನು ಸುತ್ತಿದ್ದನ್ನೇ ಬಿಚ್ಚಿ ಬಿಚ್ಚಿ ಮತ್ತೆ ಸುತ್ತುತ್ತಿದ್ದುದನ್ನು ಕಂಡು, "ನೀವು ಕೂತ್ಕೊಳ್ಳಿ, ಮಿಕ್ಕಿದ್ದು ನಾನೇ ಸುತ್ಕೋತೀನಿ" ಎಂದೆ.