ಹುಲಿಗೆಮ್ಮನ ಪೆಟ್ಟಿಗೆಯ ಬೊಟ್ಟು

ಬಳ್ಳಾರಿ, ಕೌಲ್‌ಬಜಾರ್
ನಡುಬಿಸಿಲು ೯, ೨೨೧೪

ಮಾನ್ಯ ನಾಗವೇಣಿಯವರಿಗೆ ಜಡೆಮ್ಮ ಮಾಡುವ ನಮಸ್ಕಾರಗಳು.

ಮೇಲಿನ ತಾರೀಖು ನೋಡಿ ಗಾಬರಿಯಾಗಬೇಡಿ. ಬೇಸಗೆ ಬೆಳೆದು ಬೆಳೆದು ಏಪ್ರಿಲ್, ಮೇ ತಿಂಗಳುಗಳಲ್ಲಿ ಹಿಡಿಸದೆ ಹೋದಾಗ ನಮ್ಮ ಹಿರಿಯರು ಅವೆರಡರ ನಡುವೆ ಇನ್ನೊಂದು ತಿಂಗಳನ್ನು ತುರುಕಿ ನಡುಬಿಸಿಲು ಎಂದು ಹೆಸರಿಟ್ಟರು. ನಿಮ್ಮ ಕಾಲದ ಕನ್ನಡವನ್ನು ಕಲಿತೇ ಬರೆಯುತ್ತಿದ್ದೇನೆ, ಆದರೂ ಅಲ್ಲಲ್ಲಿ ನಮ್ಮ ಮಾತು ನುಸುಳಿದರೆ ಕ್ಷಮಿಸಿ. ನೀವು ಹುಡುಗಿಯೋ, ಮೊಮ್ಮಕ್ಕಳನ್ನು ಕಂಡವರೋ ನನಗೆ ತಿಳಿಯದು. ನಿಮ್ಮ ಕಂಪ್ಯೂಟರಿನ ತಗಡಿನ ಮೇಲೆ ಮೊಳೆಯಿಂದ ಗೀಚಿದ ಹೆಸರೊಂದೇ ನನಗಿರುವ ಪರಿಚಯ. ಆ ಕಂಪ್ಯೂಟರು ಇನ್ನೂ ನಡೆಯುತ್ತಿದೆ. ಅದನ್ನು ಹೇಳುವುದಕ್ಕೇ ಈ ಕಾಗದ, ಜೊತೆಗೆ ಒಂದು ಬೇಡಿಕೆಯೂ ಇದೆ.

ನಾವು ಅದನ್ನು ಕಾವುಪೆಟ್ಟಿಗೆ ಎನ್ನುತ್ತೇವೆ. ನಮ್ಮ ಕಾಲದ ಯಂತ್ರಗಳು ಬಳೆಯಷ್ಟು ತೆಳ್ಳಗಿವೆ, ಬಿಸಿಯಾಗುವುದಿಲ್ಲ, ಸದ್ದು ಮಾಡುವುದಿಲ್ಲ. ಮನೆಯ ಲೆಕ್ಕ, ಮದ್ದು, ನೀರಿನ ಸರದಿ ಎಲ್ಲವನ್ನೂ ಅವೇ ನೋಡಿಕೊಳ್ಳುತ್ತವೆ. ಆದರೆ ಅವುಗಳಲ್ಲಿ ಆಟ ಆಡಿ ಸುಖವಿಲ್ಲ. ಯಾರು ಗೆಲ್ಲುತ್ತಾರೆಂದು ಆಟಕ್ಕೆ ಮುಂಚೆಯೇ ಹೇಳಿಬಿಡುತ್ತವೆ, ಹೇಳಿದಂತೆಯೇ ಆಗುತ್ತದೆ ಕೂಡ. ಅದಕ್ಕೇ ನಾವು ನಿಮ್ಮ ಕಾಲದ ಕಾರ್ ರೇಸನ್ನು ಕಾವುಪೆಟ್ಟಿಗೆಯಲ್ಲೇ ಆಡುತ್ತೇವೆ. ಜಿಲ್ಲೆಯಲ್ಲಿ ಈಗ ಎರಡೇ ಉಳಿದಿವೆ. ಒಂದು ನನ್ನದು. ಇನ್ನೊಂದು ನಿಮ್ಮದು, ಸಿರುಗುಪ್ಪದ ಹುಲಿಗೆಮ್ಮನ ಮನೆಯಲ್ಲಿದೆ. ಫ್ಯಾನು, ತಂತಿ, ಪರದೆ ಎಲ್ಲ ಎಷ್ಟೋ ಸಲ ಬದಲಾಗಿವೆ. ತಲೆಚಿಪ್ಪು, ಅಂದರೆ ನೀವು ಪ್ರೊಸೆಸರ್ ಎನ್ನುವುದು, ಮಾತ್ರ ಮೊದಲಿನದೇ. ಅದನ್ನು ಮಾಡಬಲ್ಲವರು ಈಗ ಯಾರೂ ಇಲ್ಲ. ಇದು ಇಬ್ಬರು ಆಡುವ ಆಟವಾದ್ದರಿಂದ ಒಂದು ಪೆಟ್ಟಿಗೆ ಸತ್ತರೆ ಇನ್ನೊಂದು ಇದ್ದೂ ಇಲ್ಲದಂತೆ.

ಪಂದ್ಯ ವರ್ಷಕ್ಕೊಮ್ಮೆ, ಹುಲಿಗೆಮ್ಮ ತನ್ನ ಪೆಟ್ಟಿಗೆಯನ್ನು ನಮ್ಮ ಓಣಿಗೆ ಹೊತ್ತು ತರುತ್ತಾಳೆ. ಊರೆಲ್ಲ ಹಗಲು ನೆಲಮಾಳಿಗೆಯಲ್ಲಿ ಮಲಗಿ ಹೊತ್ತು ಇಳಿದ ಮೇಲೆ ಏಳುತ್ತದೆ. ಆಗ ಬಾಗಿಲಿಗೆ ಒದ್ದೆ ಗೋಣಿತಟ್ಟು ಇಳಿಬಿಟ್ಟು ಪೆಟ್ಟಿಗೆಗಳನ್ನು ಚಾಲು ಮಾಡುತ್ತೇವೆ. ಗಣಿಗಳು ಎಂದೋ ಮುಚ್ಚಿದವು, ಆದರೆ ಅವುಗಳ ಕೆಂಪು ಧೂಳು ಇನ್ನೂ ಊರು ಬಿಟ್ಟಿಲ್ಲ. ಉಣ್ಣುವ ತಟ್ಟೆಗೂ ಬೀಳುತ್ತದೆ, ಪೆಟ್ಟಿಗೆಯೊಳಗೂ ಕೂರುತ್ತದೆ. ಹಿಂದೆ ಸೋತವರೆಲ್ಲ ಪೆಟ್ಟಿಗೆ ಕೈಕೊಟ್ಟಿತು ಎಂದೇ ಹೇಳುತ್ತಿದ್ದರಂತೆ. ನಿಮ್ಮ ಕಾಲದಲ್ಲೂ ಹೇಳುತ್ತಾರೆಂದು ಕೇಳಿದ್ದೇನೆ. ಅದಕ್ಕೆ ನಮ್ಮವರು ಒಂದು ನಿಯಮ ತಂದರು. ಆಟಕ್ಕೆ ಮುಂಚೆ ನನ್ನ ಪೆಟ್ಟಿಗೆಯನ್ನು ಎದುರಾಳಿ ಬಿಚ್ಚಿ ಒರೆಸಬೇಕು, ಆಕೆಯದನ್ನು ನಾನು ಒರೆಸಬೇಕು. ನಡುವೆ ಯಾರ ಪೆಟ್ಟಿಗೆ ತಾನಾಗಿ ನಿಂತರೂ ಇಬ್ಬರೂ ಸೋತಂತೆ. ಅಂದಿನಿಂದ ನೆಪ ಹೇಳುವುದು ನಿಂತಿತು. ಎದುರಾಳಿಯ ಫ್ಯಾನನ್ನು ಮಗುವಿನ ಕಿವಿಯಷ್ಟು ಜೋಪಾನವಾಗಿ ಒರೆಸುವುದು ರೂಢಿಯಾಯಿತು.

ಹುಲಿಗೆಮ್ಮನ ಪೆಟ್ಟಿಗೆಯಲ್ಲಿ ಮಾತ್ರ ನಾನು ಮುಟ್ಟಬಾರದ ಜಾಗ ಒಂದಿತ್ತು. ತಲೆಚಿಪ್ಪಿನ ಕಾವು ಹೊರಹೋಗಲೆಂದು ಅದರ ಮೇಲೆ ಹಣಿಗೆಯಂಥ ಲೋಹದ ತುಂಡು ಕೂರಿಸಿರುತ್ತಾರಲ್ಲ, ಅದರ ಮೇಲೆ ನೀವು ಯಾವುದೋ ಆಯುಧಪೂಜೆಯ ದಿನ ಕುಂಕುಮದ ಬೊಟ್ಟು ಇಟ್ಟಿರಂತೆ. ಆಕೆಯ ಮನೆಯವರು ಅದನ್ನು ಒರೆಸಲಿಲ್ಲ. ಒರೆಸದಿದ್ದರೆ ಹೋಗಲಿ, ತಲೆತಲಾಂತರದಿಂದ ಪ್ರತಿ ಹಬ್ಬಕ್ಕೂ ಅದರ ಮೇಲೆಯೇ ಇನ್ನೊಂದು ಬೊಟ್ಟು ಇಡುತ್ತ ಬಂದರು. ಗಂಧ, ಎಣ್ಣೆ, ಕುಂಕುಮ, ಕೆಂಪು ಧೂಳು ಎಲ್ಲ ಸೇರಿ ರೊಟ್ಟಿಯಷ್ಟು ದಪ್ಪಗೆ ಕಟ್ಟಿ ಹಣಿಗೆಯ ಹಲ್ಲುಗಳೇ ಮುಚ್ಚಿಹೋಗಿದ್ದವು. ಕೆರೆದುಬಿಡೋಣ ಎಂದು ವರ್ಷವರ್ಷವೂ ಹೇಳಿ ಸೋತಿದ್ದೇನೆ. ಈ ಸಲವೂ ಆಕೆ ನನ್ನ ಕೈ ಹಿಡಿದಳು.

"ಮುಟ್ಟಬ್ಯಾಡವಾ ಜಡೆಮ್ಮ. ಅದು ನಾಗವೇಣಮ್ಮ ಇಟ್ಟದ್ದು."

ಹುಲಿಗೆಮ್ಮನ ವಿರುದ್ಧ ನಾನು ಒಮ್ಮೆಯೂ ಗೆದ್ದವಳಲ್ಲ. ಈ ವರ್ಷ ಗೆಲ್ಲುತ್ತಿದ್ದೆ. ದಯವಿಟ್ಟು ಇದನ್ನು ನೆನಪಿಟ್ಟುಕೊಳ್ಳಿ, ಇಲ್ಲಿ ಯಾರೂ ಇಟ್ಟುಕೊಳ್ಳುವಂತೆ ಕಾಣುವುದಿಲ್ಲ. ಕೊನೆಯ ಸುತ್ತಿಗೆ ಬಂದಾಗ ನನ್ನ ಕಾರು ಎಷ್ಟು ಮುಂದಿತ್ತೆಂದರೆ ಆಕೆಯ ಕಾರು ನನ್ನ ಕನ್ನಡಿಯಲ್ಲೂ ಇರಲಿಲ್ಲ. ಅಷ್ಟರಲ್ಲಿ ಆಕೆಯ ಪೆಟ್ಟಿಗೆಯ ಫ್ಯಾನು ಕಿರುಚತೊಡಗಿತು. ಚಿತ್ರ ತಡೆದು ತಡೆದು ಓಡಿತು, ಸುಟ್ಟ ವಾಸನೆ ಬಂತು, ಕಾವು ಅಳೆಯುವ ಮುಳ್ಳು ಕೆಂಪು ಗೆರೆ ದಾಟಿತು. ಅಷ್ಟು ಹಳೆಯ ತಲೆಚಿಪ್ಪು ಆ ಕಾವಿನಲ್ಲಿ ನಿಂತರೆ ಮತ್ತೆ ಏಳುವುದು ಅನುಮಾನ. ಹುಲಿಗೆಮ್ಮ ಸೋಲಬಾರದೆಂಬ ಛಲದಲ್ಲಿ ಮುಳ್ಳನ್ನು ನೋಡುತ್ತಲೇ ಇರಲಿಲ್ಲ. ಇನ್ನೊಂದು ಅರೆಗಳಿಗೆ ಸಾಕಿತ್ತು ನನಗೆ. ಆದರೂ ಕೈ ಎತ್ತಿದೆ. ನಮ್ಮಲ್ಲಿ ಕೈ ಎತ್ತಿದರೆ ಸೋಲೊಪ್ಪಿದಂತೆ, ಆಟ ಅಲ್ಲಿಗೇ ಮುಗಿಯಿತು. ಪೆಟ್ಟಿಗೆಯನ್ನು ಆರಿಸಿದರು. ನಮ್ಮ ಓಣಿಯವರು ನನ್ನನ್ನು ಬೈದದ್ದನ್ನು ಇಲ್ಲಿ ಬರೆಯಲಾರೆ.

ಹುಲಿಗೆಮ್ಮ ಎದ್ದು ಬಂದಳು. "ಗೆಲ್ಲಾಕಿ ನೀನು. ಕೈ ಯಾಕ ಎತ್ತಿದಿ?"

"ನಿನ್ನ ಪೆಟ್ಟಿಗಿ ಸತ್ರ ನಾನು ಯಾರ ಕೂಡ ಆಡ್ಲಿ ಅಕ್ಕಾ?"

ಆಕೆ ಪೆಟ್ಟಿಗೆ ತಣ್ಣಗಾಗುವವರೆಗೆ ಅದರ ಪಕ್ಕದಲ್ಲೇ ಕೂತಿದ್ದು, ಆಮೇಲೆ ಬಿದಿರಿನ ಕಡ್ಡಿ ತಂದು ತಾನೇ ಕೆರೆಯಲು ಶುರುಮಾಡಿದಳು. ಪದರ ಪದರವಾಗಿ ಬಿಡಿಸಿಕೊಂಡು ಬಂತು. ಆಕೆಯ ತಾಯಿ ಇಟ್ಟದ್ದು, ಅಜ್ಜಿ ಇಟ್ಟದ್ದು, ಅದರ ಕೆಳಗೆ ಹೆಸರು ಮರೆತವರು ಇಟ್ಟದ್ದು. ಕೆರೆಯುತ್ತ ಕೆರೆಯುತ್ತ ಅತ್ತಳು, ಅಳುತ್ತಲೇ ಬೆರಳಿಗಂಟಿದ ಕುಂಕುಮವನ್ನು ತನ್ನ ಹಣೆಗೂ ನನ್ನ ಹಣೆಗೂ ಒರೆಸಿದಳು. ತೀರಾ ಕೆಳಗೆ, ಹಣಿಗೆಯ ಅಂಚಿನಲ್ಲಿ, ತೊಗರಿಬೇಳೆಯಷ್ಟು ಒಂದು ಬೊಟ್ಟು ಉಳಿಯಿತು. ಅದು ನಿಮ್ಮದು. ಗಾಳಿಗೆ ಅದರಿಂದ ಯಾವ ಅಡ್ಡಿಯೂ ಇರಲಿಲ್ಲ, ತಪ್ಪೆಲ್ಲ ನಮ್ಮದೇ. ಅದಕ್ಕೆ ಕೈ ಹಚ್ಚದೆ ಮುಚ್ಚಳ ಹಾಕಿದೆವು. ಮಾರನೆಯ ಸಂಜೆ ಚಾಲು ಮಾಡಿದರೆ ಫ್ಯಾನಿನ ಸದ್ದೇ ಕೇಳಿಸಲಿಲ್ಲ. ಸುಮ್ಮನೆ ನೋಡೋಣ ಎಂದು ಆಡಿದ ಮೂರು ಆಟದಲ್ಲೂ ಆಕೆ ನನ್ನನ್ನು ಹಣ್ಣುಗಾಯಿ ಮಾಡಿದಳು.

ಈಗ ನನ್ನ ಬೇಡಿಕೆ. ಹಬ್ಬಕ್ಕೆ ಬೊಟ್ಟು ಇಡಿ, ಬೇಡವೆನ್ನುವುದಿಲ್ಲ. ಆದರೆ ಪೆಟ್ಟಿಗೆಯ ಹೊರಗೆ ಇಡಿ, ನಿಮ್ಮ ನಂತರ ಬರುವವರು ನಮ್ಮಷ್ಟೇ ಭಕ್ತರಾಗಿ ಅದರ ಮೇಲೆಯೇ ಇಡುತ್ತ ಹೋಗುತ್ತಾರೆ. ಮಳೆಗಾಲಕ್ಕೊಮ್ಮೆ ಬೇಸಗೆಗೊಮ್ಮೆ ಒಳಗಿನ ಧೂಳು ತೆಗೆಯಿರಿ. ನಿಮ್ಮ ಎದುರು ಆಡುವವರ ಮನೆಗೂ ಹೋಗಿ ಅವರದನ್ನೂ ಬಿಚ್ಚಿ ಒರೆಸಿ ಬನ್ನಿ, ಮೊದಲಿಗೆ ನಗುತ್ತಾರೆ, ನಗಲಿ. ಫ್ಯಾನು ಕಿರುಚಿದರೆ ಆಟ ನಿಲ್ಲಿಸಿ. ಗೆಲ್ಲುತ್ತಿದ್ದರೂ ನಿಲ್ಲಿಸಿ. ಹುಲಿಗೆಮ್ಮನನ್ನು ನಾನಿನ್ನೂ ಸೋಲಿಸಬೇಕಿದೆ, ಅದಕ್ಕೆ ಆ ಪೆಟ್ಟಿಗೆ ನಿಮ್ಮ ಕೈಯಿಂದ ಗಟ್ಟಿಯಾಗಿ ಹೊರಟು ನಮ್ಮವರೆಗೆ ಬರಬೇಕು.

ಇತಿ ನಿಮ್ಮ,
ಜಡೆಮ್ಮ