ಹಗ್ಗ ಹಿಡಿದವರ ಕೂಲಿ

ಮೋಕ್ಷಿತಾ,

ಕೆಲಸ ಮಾಡಿದವರ ಕೂಲಿ ಈ ಮನೆಯಲ್ಲಿ ಬಾಕಿ ಇಡುವುದಿಲ್ಲ ಎಂದು, ನಿನ್ನ ಅಪ್ಪ ದುಬಾಯಿಗೆ ಹೊರಟ ದಿನ ಅವರಿಗೆ ಮಾತು ಕೊಟ್ಟಿದ್ದೆ.

ಬೆಳಿಗ್ಗೆ ನಾನು ಬಸ್ಸಿಗೆ ಹೋದ ಮೇಲೆ ಪಂಪು ರಿಪೇರಿಯ ಮುಂಡಪ್ಪಣ್ಣ ದುಡ್ಡಿಗೆ ಬರ್ತಾರೆ. ಬಿಲ್ಲಿನಲ್ಲಿ ಹೆಲ್ಪರಿನ ಕೂಲಿ ಎಂದು ಎಂಟುನೂರು ಸೇರಿಸಿದ್ದಾರೆ. ಯಾವ ಹೆಲ್ಪರ್? ಅವರ ಆಳು ಮದುವೆಗೆ ಹೋಗಿದ್ದಾನೆಂದು, "ಅಕ್ಕ, ಸ್ವಲ್ಪ ಹಗ್ಗ ಹಿಡಿಯಿರಿ" ಅಂತ ಹೇಳಿ, ಬಾವಿಯಿಂದ ಪಂಪು ಎತ್ತಲಿಕ್ಕೂ ಇಳಿಸಲಿಕ್ಕೂ ಸಂಜೆಯವರೆಗೆ ನನ್ನನ್ನೇ ನಿಲ್ಲಿಸಿದರು. ಅದಕ್ಕಾಗಿ ನನ್ನದೊಂದು ರಜೆ ಹೋಯಿತು. ಪೆನ್ನು ಹಿಡಿದರೆ ಅಂಗೈ ಈಗಲೂ ಉರಿಯುತ್ತದೆ.

ಅವರ ಕೂಲಿ ಮತ್ತು ಹೊಸ ಪೈಪಿನ ದುಡ್ಡು ಟಿವಿಯ ಹಿಂದೆ ಕವರಿನಲ್ಲಿ ಉಂಟು. ಅಷ್ಟೇ ಕೊಡು. ಚಾ ಮಾಡಿ ಕೊಡು, ನೀರುದೋಸೆಯೂ ಬಡಿಸು, ಅದರಲ್ಲಿ ಜಗಳ ಬೇಡ. "ನಮ್ಮ ರೇಟೇ ಹಾಗೆ ಮಗಾ" ಅಂದರೆ, "ಹೆಲ್ಪರ್ ಸಂಜೆ ಮನೆಗೆ ಬರ್ತಾರೆ, ಅವರ ಹತ್ತಿರವೇ ಮಾತಾಡಿ" ಅಂತ ಹೇಳು. ಪಾಪ ಅಂತ ಮೊಬೈಲಿನಿಂದ ದುಡ್ಡು ಕಳಿಸಿಬಿಟ್ಟೀಯಾ, ಜಾಗ್ರತೆ. ನಿನ್ನ ಆ ಮೆದು ಮನಸ್ಸು ಅವರಿಗೂ ಗೊತ್ತುಂಟು.

ಆ ಎಂಟುನೂರು ನಾನು ತೆಗೆದುಕೊಂಡಿದ್ದೇನೆ. ನೀನು ಆ ಕವರು ಕೊಟ್ಟರೆ ಕೆಲಸ ಮಾಡಿದ ಇಬ್ಬರ ಕೂಲಿಯೂ ಸಂದ ಹಾಗೆ. ಅಪ್ಪನಿಗೆ ಕೊಟ್ಟ ಮಾತು ನಡೆಸಿದ್ದೇನೆ.

ಅಮ್ಮ